ಸೀರೆ ಕೊಟ್ಟು ಬಿಟ್‌ಕಾಯಿನ್ ಪಡೆಯಬೇಕೆ?

ಪುಣೆಯಲ್ಲಿ ಬಿಟ್‌ಕಾಯಿನ್ ಎಂದರೆ ಹಲವರಿಗೆ ನೆನಪಾಗುವುದು ಗೇನ್‌ಬಿಟ್‌ಕಾಯಿನ್ ಹೂಡಿಕೆ ವಂಚನೆ. ತಿಂಗಳಿಗೆ ಶೇ 10ರ ಲಾಭದ ಆಸೆ ತೋರಿಸಿದ ಆ ಪ್ರಕರಣದಲ್ಲಿ ಪುಣೆ ಪೊಲೀಸರು 2018ರಲ್ಲಿ ಅದರ ರೂವಾರಿ ಅಮಿತ್ ಭಾರದ್ವಾಜ್ ಅವರನ್ನು ಬಂಧಿಸಿದ್ದರು. ಆದರೆ ಆನ್‌ಲೈನ್‌ನಲ್ಲಿ ಸೀರೆ ಮಾರುವ ಸಣ್ಣ ಅಂಗಡಿ ಕ್ರಿಪ್ಟೊ ಪಡೆಯಬಾರದು ಎಂದು ನಾನು ಹೇಳುವುದು ಆ ಭಯದಿಂದಲ್ಲ. ವಂಚಕರು ರೂಪಾಯಿಯನ್ನೂ ಬಳಸುತ್ತಾರೆ. ಕಾನೂನಿನ ನಿಷೇಧವೂ ಇಲ್ಲ. ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಹೇರಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದುಮಾಡಿತು. ತೊಡಕಿರುವುದು ಲೆಕ್ಕದ ಪುಸ್ತಕದಲ್ಲಿ. ಗಿರಾಕಿ ಸೀರೆಗೆ ಬಿಟ್‌ಕಾಯಿನ್ ಕೊಟ್ಟರೆ, ತೆರಿಗೆಯ ಕಣ್ಣಲ್ಲಿ ಅವರು ಅದನ್ನು ಮಾರಿದಂತೆ, ಅಂಗಡಿ ಕೊಂಡಂತೆ. ನಿಗದಿತ ಮಿತಿ ದಾಟಿದರೆ ಶೇ 1ರ ಟಿಡಿಎಸ್ ಕಟ್ಟಿಸುವ ಹೊಣೆ ಅಂಗಡಿಯದು. ಮುಂದೆ ಅಂಗಡಿ ಅದನ್ನು ಮಾರಿ ಲಾಭ ಮಾಡಿದರೆ, 2022ರಿಂದ ಜಾರಿಯಲ್ಲಿರುವ ಶೇ 30ರ ತೆರಿಗೆ. ನಷ್ಟವಾದರೆ ಅದನ್ನು ಸೀರೆಯ ಲಾಭದಲ್ಲಿ ಕಳೆಯುವಂತಿಲ್ಲ. ಗಿರಾಕಿ ಸೀರೆ ಹಿಂದಿರುಗಿಸಿದಾಗ ಯಾವ ದಿನದ ಬೆಲೆಗೆ ಹಣ ಕೊಡುವುದು? ಇಷ್ಟು ಕಷ್ಟ ಯಾಕೆ, ಯುಪಿಐ ವಹಿವಾಟಿಗೆ 2020ರಿಂದ ವರ್ತಕರ ಶುಲ್ಕವೇ ಇಲ್ಲದಿರುವಾಗ?

ವಿದೇಶದ ಗಿರಾಕಿಗಳಿಗೆ ಅನುಕೂಲವಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದೇ: ಕಾರ್ಡಿನ ಶುಲ್ಕ ಹೆಚ್ಚು, ಪಾವತಿ ವಾಪಸಾಗುವ ಭಯವೂ ಇದೆ. ಆದರೆ ರಫ್ತಿನ ಹಣ ಅಧಿಕೃತ ಬ್ಯಾಂಕಿನ ಮೂಲಕವೇ ಬಂದು ದಾಖಲಾಗಬೇಕು. ವ್ಯಾಲೆಟ್‌ಗೆ ಬಂದ ನಾಣ್ಯಕ್ಕೆ ಆ ದಾಖಲೆ ಸಿಗದು. ತಿಂಗಳ ಕೊನೆಗೆ ನೇಕಾರರಿಗೂ ಕೊರಿಯರ್‌ನವರಿಗೂ ರೂಪಾಯಿಯನ್ನೇ ಎಣಿಸಿ ಕೊಡಬೇಕಾದವರಿಗೆ ಈ ನಿಯಮಗಳು ಬದಲಾಗುವವರೆಗೆ ಕಾಯುವುದೇ ಕ್ಷೇಮ.