‘ಕೆಲವು’ ಎಂದರೆ ‘ಎಲ್ಲ’ ಅಲ್ಲವೇ?

ಸಂಜೆ ಹೊತ್ತು ಕಲ್ಮಲ ಎಂಬ ಊರಿನ ಮನೆಯೊಂದರಲ್ಲಿ ‘ಕೆಲವು ಆಡು ಬಂದಾವ’ ಎಂಬ ಮಾತು ಕೇಳಿದರೆ ದೊಡ್ಡವರು ಉಳಿದವನ್ನು ಹುಡುಕಲು ಏಳುತ್ತಾರೆ. ಉಳಿದವು ಬಂದಿಲ್ಲ ಎಂದು ಯಾರೂ ಹೇಳಿರುವುದಿಲ್ಲ. ಎಲ್ಲ ಬಂದಿದ್ದರೆ ‘ಎಲ್ಲ’ ಎನ್ನುತ್ತಿದ್ದರು, ಹಾಗೆನ್ನಲಿಲ್ಲ, ಅಂದಮೇಲೆ ಬಂದಿಲ್ಲ. ಈ ಲೆಕ್ಕದ ಬಗೆಯನ್ನು ತತ್ತ್ವಜ್ಞಾನಿ ಪಾಲ್ ಗ್ರೈಸ್ 1967ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ಬಿಡಿಸಿ ತೋರಿಸಿದರು. ಮಕ್ಕಳು ಮಾತ್ರ ಇಲ್ಲಿ ಎಡವುತ್ತಾರೆ. ಕುದುರೆಗಳೆಲ್ಲ ಬೇಲಿ ಹಾರಿದ್ದನ್ನು ನೋಡಿದ ಮೇಲೂ ‘ಕೆಲವು ಕುದುರೆ ಹಾರಿದವು’ ಎಂಬ ಮಾತನ್ನು ಐದು ವರ್ಷದ ಗ್ರೀಕ್ ಮಕ್ಕಳಲ್ಲಿ ಹೆಚ್ಚಿನವರು ಸರಿಯೆಂದೇ ಒಪ್ಪಿದರು. ಸಂಶೋಧಕರಾದ ಪಾಪಾಫ್ರಾಗು ಮತ್ತು ಮುಸೊಲಿನೊ ಇದನ್ನು 2003ರಲ್ಲಿ ವರದಿ ಮಾಡಿದರು.

ಇದು ಬುದ್ಧಿ ಬೆಳೆಯದ ಗುರುತೇ? ಅಲ್ಲ ಎನ್ನುತ್ತದೆ ಡೇವಿಡ್ ಬಾರ್ನರ್ ಮತ್ತು ಸಂಗಡಿಗರ 2011ರ ಪ್ರಯೋಗ. ಚಿತ್ರದಲ್ಲಿ ಮೂರೂ ಪ್ರಾಣಿ ಮಲಗಿವೆ. ‘ಬೆಕ್ಕು, ನಾಯಿ ಮಾತ್ರ ಮಲಗಿವೆಯೇ?’ ಎಂದರೆ ನಾಲ್ಕು ವರ್ಷದ ಮಗು ಇಲ್ಲ ಎನ್ನುತ್ತದೆ. ‘ಕೆಲವು ಮಾತ್ರ ಮಲಗಿವೆಯೇ?’ ಎಂದರೆ ಹೌದೆನ್ನುತ್ತದೆ. ‘ಮಾತ್ರ’ದ ಅರ್ಥ ಅದಕ್ಕೆ ಗೊತ್ತು, ಊಹಿಸುವ ಶಕ್ತಿಯೂ ಇದೆ. ಗೊತ್ತಿಲ್ಲದ್ದು ಒಂದೇ: ‘ಕೆಲವು’ ಎಂಬುದರ ಪಕ್ಕದಲ್ಲಿ ‘ಎಲ್ಲ’ ಎಂಬ ಪದ ಕಾದು ನಿಂತಿದೆ ಎಂಬುದು. ಆಡದ ಮಾತು ತಿಳಿಯಬೇಕಾದರೆ ಆಡಬಹುದಾಗಿದ್ದ ಮಾತು ನೆನಪಿಗೆ ಬರಬೇಕು. ಮಕ್ಕಳು ತಪ್ಪನ್ನು ಗಮನಿಸಿಯೂ ಉದಾರವಾಗಿ ಬಿಟ್ಟುಕೊಡುತ್ತಾರೆ ಎಂಬ ಆಕ್ಷೇಪವೂ ಉಂಟು. ಅದರಲ್ಲಿ ಹುರುಳಿದೆ. ಕಾಟ್ಸೋಸ್ ಮತ್ತು ಬಿಷಪ್ ಅವರು 2011ರಲ್ಲಿ ‘ಸರಿ, ತಪ್ಪು’ ಬಿಟ್ಟು ಮೂರು ಗಾತ್ರದ ಸ್ಟ್ರಾಬೆರಿಗಳನ್ನು ಬಹುಮಾನವಾಗಿಟ್ಟಾಗ, ಐದಾರು ವರ್ಷದವರು ಇಂಥ ಅರೆಮಾತಿಗೆ ನಡುವಿನದನ್ನೇ ಕೊಟ್ಟರು. ಆದರೆ ಈ ಔದಾರ್ಯ ಬಾರ್ನರ್ ಕಂಡ ವ್ಯತ್ಯಾಸವನ್ನು ವಿವರಿಸದು. ‘ಮಾತ್ರ’ ಎಂದಮೇಲೆ ಹೌದೆಂಬ ಉತ್ತರ ಅರೆಸತ್ಯವಲ್ಲ, ಪೂರ್ತಿ ತಪ್ಪು.

ಇದೆಲ್ಲ ಪರದೇಶದ ಮಕ್ಕಳ ಮಾತಾಯಿತು, ಕನ್ನಡಕ್ಕೆ ಹೊಂದುತ್ತದೆಯೇ ಎನ್ನಬಹುದು. ಇದಕ್ಕೆ ಬೇರೊಂದು ಬಗೆಯ ವಾಕ್ಯ ಸುಳಿವು ಕೊಡುತ್ತದೆ. ನಮ್ಮಲ್ಲಿ ಸಂಖ್ಯೆ ಮೊದಲು ಬರುತ್ತದೆ, ‘ಇಲ್ಲ’ ಕೊನೆಗೆ, ಇಂಗ್ಲಿಷಿನಲ್ಲಿ ತಿರುವುಮುರುವು. ‘ಶಿವ ಎರಡು ಹಣ್ಣು ತಿನ್ನಲಿಲ್ಲ’ ಎಂದರೆ ತಿಂದದ್ದು ಎರಡಲ್ಲ ಎಂದೂ, ಎರಡು ಹಣ್ಣು ಉಳಿದವು ಎಂದೂ ಆಗಬಹುದು. ಇಂಥ ವಾಕ್ಯಗಳನ್ನು ಲಿಡ್ಜ್ ಮತ್ತು ಮುಸೊಲಿನೊ 2002ರಲ್ಲಿ ಪರೀಕ್ಷಿಸಿದಾಗ ದೊಡ್ಡವರಿಗೆ ಎರಡೂ ಅರ್ಥ ಸಿಕ್ಕವು. ಎರಡೂ ಭಾಷೆಯ ನಾಲ್ಕು ವರ್ಷದವರು ಮೊದಲನೆಯದಕ್ಕೇ ಅಂಟಿಕೊಂಡರು. ಇದು ವ್ಯಾಕರಣದ ಪ್ರಶ್ನೆ, ‘ಕೆಲವು’ ಪದದ ಪ್ರಶ್ನೆಯೇ ಅಲ್ಲ. ಆದರೂ ಪದಗಳ ಸಾಲು ಬದಲಾದರೂ ಮಕ್ಕಳ ದಾರಿ ಬದಲಾಗಲಿಲ್ಲ ಎಂಬುದು ಕನ್ನಡದ ಮಗುವನ್ನು ಬೇರೆಯೆಂದು ಎಣಿಸದಂತೆ ಎಚ್ಚರಿಸುತ್ತದೆ. ಹಾಗಾಗಿ ದೇವದುರ್ಗದ ಅಂಗನವಾಡಿಯಲ್ಲಾಗಲಿ ಮಾನ್ವಿಯ ಮನೆಯಲ್ಲಾಗಲಿ ‘ಕೆಲವು ಬಂದವೇ?’ ಎಂದು ಕೇಳಿ ಮಗುವನ್ನು ಅಳೆಯುವುದು ಸಲ್ಲದು. ‘ಎಲ್ಲ ಬಂದವೋ, ಕೆಲವೋ?’ ಎಂದು ಕೇಳಿದರೆ ಮರೆಯಲ್ಲಿದ್ದ ಪದ ಅದರ ಮುಂದೆ ಬಂದು ನಿಲ್ಲುತ್ತದೆ.