ನೆರಳಿನ ಚಿತ್ರ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನಲ್ಲಿ ಒಣಗಿದ ಮರಗಳು ನಿಂತಿರುವುದನ್ನು ಅನೇಕರು ಕಂಡಿರಬಹುದು. 1974ರಲ್ಲಿ ಪೂರ್ಣಗೊಂಡ ಬೀಚನಹಳ್ಳಿಯ ಅಣೆಕಟ್ಟೆಯಿಂದ ಮುಳುಗಿದ ಕಾಡಿನ ಅವಶೇಷಗಳಿವು. ಹಗಲಿನಲ್ಲಿ ಅವು ಬರಿಯ ಕಟ್ಟಿಗೆ. ಸೂರ್ಯನು ಅವುಗಳ ಹಿಂದೆ ಇಳಿದಾಗಲಾದರೋ ಒಂದೊಂದು ಕೊಂಬೆಯೂ ಮಸಿಯಲ್ಲಿ ಬರೆದಂತೆ ಮೂಡುವುದು. ಇಂತಹ ಚಿತ್ರಕ್ಕೆ ಸಿಲೂಯೆಟ್ ಎಂದು ಹೆಸರು. 1759ರಲ್ಲಿ ಫ್ರಾನ್ಸಿನ ಅರ್ಥಸಚಿವನಾಗಿದ್ದು, ಮಿತವ್ಯಯಕ್ಕೆ ಹೆಸರಾದವನ ನಾಮವದು. ಈ ಚಿತ್ರವೂ ಮಿತವ್ಯಯಿಯೇ: ಬಣ್ಣವನ್ನೂ ಮುಖವನ್ನೂ ಬಿಟ್ಟು ಹೊರರೇಖೆಯೊಂದನ್ನೇ ಉಳಿಸಿಕೊಳ್ಳುವುದು.

ಇದನ್ನು ತೆಗೆಯುವ ಕ್ರಮವು ಸುಲಭವಾದುದು. ಬೆಳಕು ವಸ್ತುವಿನ ಹಿಂದಿರಬೇಕು. ಫೋನಿನಲ್ಲಾದರೆ ತೆರೆಯ ಮೇಲೆ ಆಕಾಶದ ಭಾಗವನ್ನು ಬೆರಳಿನಿಂದ ಮುಟ್ಟಿ, ಬೆಳಕನ್ನು ತಗ್ಗಿಸತಕ್ಕದ್ದು. ಫ್ಲಾಷ್ ದೀಪವನ್ನು ಆರಿಸಿರತಕ್ಕದ್ದು. ಕ್ಯಾಮೆರಾದ ಗಾಜಿನ ಕಿಂಡಿಯಿಂದ ಸೂರ್ಯನನ್ನು ನೇರವಾಗಿ ನೋಡಲಾಗದು, ಕಣ್ಣಿಗೆ ಹಾನಿಯುಂಟು. ಸೂರ್ಯನು ಮರದ ಮರೆಯಲ್ಲಿರುವುದು ಅಥವಾ ಆಗತಾನೆ ಮುಳುಗಿರುವುದು ಉತ್ತಮ.

ಒಮ್ಮೆ ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ದಡದ ಮೇಲೆ ನಮ್ಮ ತಾಯಿಯವರನ್ನೂ ಮೊಮ್ಮಗನನ್ನೂ ಒತ್ತಾಗಿ ನಿಲ್ಲಿಸಿ ಚಿತ್ರ ತೆಗೆದೆವು. ಇಬ್ಬರೂ ಸೇರಿ ಒಂದೇ ಕರಿಯ ಮುದ್ದೆಯಾದರು! ಬಳಿಕ ಮೊಳದಷ್ಟು ಅಂತರವಿರಿಸಿ, ಒಬ್ಬರಿಗೊಬ್ಬರು ಎದುರಾಗಿ ಪಕ್ಕಕ್ಕೆ ತಿರುಗಿ ನಿಲ್ಲುವಂತೆ ಮಾಡಿದೆವು. ಆಗ ತಾಯಿಯವರ ಬಾಗಿದ ಬೆನ್ನು, ತುರುಬು, ಮಗುವು ಚಾಚಿದ ಕೈ, ಎಲ್ಲವೂ ಬೇರೆಬೇರೆಯಾಗಿ ತೋರಿದುವು.

ತಾಯಿಯವರು ಈಗಿಲ್ಲ. ಮುಖವು ಸ್ಪಷ್ಟವಾಗಿರುವ ಅವರ ಚಿತ್ರಗಳು ಮನೆಯಲ್ಲಿ ಹಲವಿವೆ. ಆದರೂ ಮನೆಗೆ ಬಂದ ಬಂಧುಗಳು ಮುಖವಿಲ್ಲದ ಆ ಚಿತ್ರದ ಮುಂದೆಯೇ ನಿಂತು, “ಅಮ್ಮನವರೇ!” ಎನ್ನುವರು. ನಮ್ಮವರ ನಿಲುವನ್ನು ನಾವು ಅರಿತಿರುವುದು ಎಷ್ಟೆಂಬುದನ್ನು ನೆರಳೇ ತಿಳಿಸುವುದು. ವಾಚಕರು ಮನೆಯ ಹಿರಿಯರನ್ನು ಒಂದು ಸಂಜೆ ಬಯಲಿಗೆ ಕರೆದೊಯ್ಯಲಿ.