ಆಲಿವ್ ಎಣ್ಣೆ: ಆಹಾರವೇ, ಔಷಧವೇ?

ಹೃದಯದ ತೊಂದರೆ ಕಾಣಿಸಿಕೊಂಡ ಮನೆಯ ಅಡುಗೆಕೋಣೆಗೆ ಈಗ ಆಲಿವ್ ಎಣ್ಣೆಯ ಬಾಟಲಿ ಬರುವುದು ಅಪರೂಪವಲ್ಲ. ಬೆಲೆ ನಮ್ಮ ಅಡುಗೆ ಎಣ್ಣೆಗಿಂತ ಹಲವು ಪಟ್ಟು. ಅದನ್ನು ಔಷಧವೆಂದೇ ನಂಬಿ, ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡುವವರೂ ಇದ್ದಾರೆ. ನಿಮ್ಮ ಮನೆಯಲ್ಲಿ ಹೀಗಾಗದಿರಲಿ.

ಹೆಸರಿನ ಮೂಲ

ಕನ್ನಡದ ‘ಎಣ್ಣೆ’ ಎಂದರೆ ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು. ಸಂಸ್ಕೃತದ ‘ತೈಲ’ವೂ ತಿಲದಿಂದಲೇ ಬಂದದ್ದು. ಇಂಗ್ಲಿಷಿನ ‘ಆಯಿಲ್’ ಪದದ ಬೇರು ಮಾತ್ರ ಗ್ರೀಕರ ಆಲಿವ್ ಮರದ ಹೆಸರಿನಲ್ಲಿದೆ. ಆಯಾ ನೆಲದ ಜನ ತಮ್ಮ ಬೆಳೆಯಿಂದಲೇ ಎಣ್ಣೆಗೆ ಹೆಸರಿಟ್ಟರು. ಕನ್ನಡ ಬೈಬಲ್ಲಿನಲ್ಲಿ ಆಲಿವ್ ‘ಎಣ್ಣೆಮರ’ವಾಗಿದೆ, ಬೀದರ ಸೀಮೆಯ ಉರ್ದು ಬಲ್ಲವರಿಗೆ ಅದು ‘ಜೈತೂನ್’.

ಮೆಡಿಟರೇನಿಯನ್ ತೀರದಲ್ಲಿ ಸಾವಿರಾರು ವರ್ಷಗಳಿಂದ ಬೆಳೆಯುವ ಈ ಮರದ ಹಣ್ಣಿನ ತಿರುಳಿನಿಂದ ಎಣ್ಣೆ ಬರುತ್ತದೆ. ಕಾಯಿಸದೆ, ರಾಸಾಯನಿಕ ಬಳಸದೆ ತೆಗೆದ ಉತ್ತಮ ದರ್ಜೆಯ ಎಣ್ಣೆಯೇ ‘ಎಕ್ಸ್‌ಟ್ರಾ ವರ್ಜಿನ್’.

ಗುಣವೇನು?

ಇದರ ಕೊಬ್ಬಿನಲ್ಲಿ ಸುಮಾರು ಶೇಕಡಾ 70ರಷ್ಟು ಓಲಿಕ್ ಆಮ್ಲ. ಬೆಣ್ಣೆ, ವನಸ್ಪತಿಗಳ ಬದಲು ಇದನ್ನು ಬಳಸಿದರೆ ಕೆಟ್ಟ ಕೊಲೆಸ್ಟರಾಲ್ ತಗ್ಗುತ್ತದೆ. ಸ್ಪೇನ್ ದೇಶದ ದೊಡ್ಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಗಿ, 2018ರಲ್ಲಿ ತಿದ್ದುಪಡಿಯೊಂದಿಗೆ ಮತ್ತೆ ಬಂತು. ಆಲಿವ್ ಎಣ್ಣೆಯಿದ್ದ ಊಟದಿಂದ ಹೃದಯಾಘಾತ, ಪಾರ್ಶ್ವವಾಯುಗಳಂಥ ಅವಘಡಗಳು ಕಡಿಮೆಯಾದವು ಎಂದು ಅದು ಹೇಳಿತು. ಆದರೆ ಆ ಊಟದಲ್ಲಿ ತರಕಾರಿ, ಹಣ್ಣು, ಬೇಳೆಕಾಳು, ಮೀನು ಎಲ್ಲವೂ ಇದ್ದವೆಂಬುದನ್ನು ಮರೆಯಬಾರದು.

ನಮ್ಮ ನೆಲದ ಕುಸುಬೆ

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ, ಪಕ್ಕದ ಹುಮನಾಬಾದ್ ಸೀಮೆಗಳಿಗೆ ಕುಸುಬೆ ಹೊಸದಲ್ಲ. ಹಿಂಗಾರಿನಲ್ಲಿ ಬಿತ್ತುವ ಈ ಮುಳ್ಳಿನ ಬೆಳೆ ಕಪ್ಪು ನೆಲದ ತೇವದಲ್ಲೇ ಬೆಳೆಯುತ್ತದೆ. ಶರಣರ ಸಾಲಿನಲ್ಲಿ ಗಾಣದ ಕಣ್ಣಪ್ಪನ ಹೆಸರೇ ಇದೆಯೆಂದರೆ ಗಾಣ ಇಲ್ಲಿನ ಬದುಕಿಗೆ ಎಷ್ಟು ಹತ್ತಿರವಾಗಿತ್ತೆಂದು ಊಹಿಸಬಹುದು. ಈಗ ಸೋಯಾ, ತೊಗರಿಗಳ ನಡುವೆ ಕುಸುಬೆ ಹಿಂದೆ ಸರಿದಿದೆ.

ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ಶೇಕಡಾ 70ಕ್ಕೂ ಹೆಚ್ಚು ಲಿನೋಲಿಕ್ ಆಮ್ಲವಿದೆ. ಅದೂ ಕೊಲೆಸ್ಟರಾಲನ್ನು ತಗ್ಗಿಸುತ್ತದೆ. ಜೊತೆಗೆ ‘ಇ’ ಜೀವಸತ್ವವೂ ಉಂಟು. ಇಟಲಿಯವರು ಬ್ರೆಡ್ಡಿಗೆ ಆಲಿವ್ ಎಣ್ಣೆ ಹಚ್ಚಿಕೊಂಡರೆ, ನಮ್ಮವರು ಜೋಳದ ರೊಟ್ಟಿಯ ಜೊತೆಗಿನ ಚಟ್ನಿಪುಡಿಗೆ ಹಸಿ ಎಣ್ಣೆ ಹಾಕಿಕೊಳ್ಳುತ್ತಾರೆ. ರೂಢಿ ಎರಡೂ ಒಂದೇ.

ಬಳಸುವ ಬಗೆ

* ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ಕೋಸಂಬರಿಗೆ, ಹದ ಉರಿಯ ಪಲ್ಯಕ್ಕೆ ಬಳಸಿರಿ. ಭಜಿ ಕರಿಯಲು ಸುರಿದರೆ ಅದರ ಪರಿಮಳವೂ ಹಾಳು, ಹಣವೂ ದಂಡ.
* ಕುಸುಬೆ ಎಣ್ಣೆ ಬೇಗ ಕಮಟುತ್ತದೆ. ಸ್ವಲ್ಪವೇ ತಂದು ಬೆಳಕು, ಶಾಖ ತಾಗದಂತೆ ಇಡಿರಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿರಿ.
* ಯಾವ ಎಣ್ಣೆಯಾದರೂ ಗ್ರಾಮಿಗೆ 9 ಕ್ಯಾಲೊರಿ. ಒಬ್ಬರಿಗೆ ದಿನಕ್ಕೆ ನಾಲ್ಕೈದು ಟೀ ಚಮಚ ಸಾಕು. ನಾಲ್ವರ ಮನೆಗೆ ತಿಂಗಳಿಗೆ ಎರಡೂವರೆಯಿಂದ ಮೂರು ಕಿಲೋ ಮೀರದಿರಲಿ.
* ಹಸುಗೂಸಿಗೆ ಆಲಿವ್ ಎಣ್ಣೆ ತಿಕ್ಕುವ ರೂಢಿಯಿದೆ. ಅದು ಚರ್ಮದ ರಕ್ಷಣಾ ಪದರವನ್ನು ದುರ್ಬಲಗೊಳಿಸಬಹುದೆಂದು ಇಂಗ್ಲೆಂಡಿನಲ್ಲಿ ವಯಸ್ಕರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕೊಬ್ಬರಿ ಎಣ್ಣೆ ಮೇಲು. ಮಗುವಿನ ಕಿವಿ, ಮೂಗಿಗೆ ಮಾತ್ರ ಯಾವ ಎಣ್ಣೆಯನ್ನೂ ಬಿಡಬಾರದು. ಶ್ವಾಸಕೋಶಕ್ಕೆ ಇಳಿದರೆ ಅಪಾಯ.

ಕೊಳ್ಳುವ ಶಕ್ತಿಯಿದ್ದವರು ಆಲಿವ್ ಎಣ್ಣೆ ಬಳಸಲಿ, ತಪ್ಪಿಲ್ಲ. ಇಲ್ಲದವರು ಕೊರಗಬೇಕಿಲ್ಲ. ಕುಸುಬೆ, ಶೇಂಗಾ, ಎಳ್ಳೆಣ್ಣೆಗಳನ್ನು ಬದಲಿಸುತ್ತ, ಅಳತೆಯಲ್ಲಿ ಬಳಸಿದರೆ ಹೃದಯಕ್ಕೆ ಹಿತವೇ. ಆದರೆ ವೈದ್ಯರ ಮಾತ್ರೆಗೆ ಯಾವ ಎಣ್ಣೆಯೂ ಬದಲಿಯಲ್ಲ.